ಬೆರಳು ಬಿಡಿಸಿದ ತಟ್ಟೆ

ಆಳಂದದ ಬಜಾರಿನಲ್ಲಿ, ಬಿಸಿಲಿಗೆ ಕಾದ ಪ್ಲಾಸ್ಟಿಕ್ಕಿನ ವಾಸನೆ. ಹಿಟ್ಟಿನ ಡಬ್ಬಿಗೆ ಒಂದು ಮುಚ್ಚಳ ಬೇಕಿತ್ತು. ಅಂಗಡಿಯಾತ ಬಕೀಟು, ಪರಾತಗಳ ರಾಶಿಯ ಕೆಳಗಿನಿಂದ ಒಂದನ್ನು ಎಳೆದು ಕೊಟ್ಟ. ಅದನ್ನು ಡಬ್ಬಿಯ ಬಾಯಿಗೆ ಹಿಡಿದು ನೋಡಬೇಕಾದ ನನ್ನ ಕೈ ಬೇರೆಯದೇ ಕೆಲಸಕ್ಕೆ ಹೊರಟಿತು. ಹೆಬ್ಬೆರಳು ಮೇಲೆ ಕೂತಿತು, ಉಳಿದ ಬೆರಳುಗಳು ಅಂಚಿನ ಒಳಗೆ ಹೋಗಿ ಅದರ ಆಳವನ್ನು ಅಳೆಯತೊಡಗಿದವು.

‘ಮುಚ್ಚಾಕ ಬೇಕೋ ಒಗ್ಯಾಕ ಬೇಕೋ ಹೇಳ್ರಿ ಕಾಕಾ,’ ಎಂದು, ಎಸೆಯಲು ಹೊರಟಂತಿದ್ದ ನನ್ನ ಕೈ ನೋಡಿ ಅಂಗಡಿಯಾತ ನಕ್ಕ.

ಆ ಕ್ಷಣ ಅಫಜಲಪುರದ ಶಾಲೆಯ ಮೈದಾನ ಕಣ್ಣೆದುರು ಬಂದು ನಿಂತಿತು ಎಂದು ಬರೆಯುವುದು ಸುಲಭ. ನಿಲ್ಲಲಿಲ್ಲ. ಮೊದಲು ಬಂದದ್ದು ಬರೀ ಒಂದು ಬಲಗೈ. ಆ ಕೈಯ ಹಿಂದಿದ್ದ ಮನುಷ್ಯ, ಅವರ ಮೈದಾನ, ಬೇವಿನ ಗಿಡ, ಇವೆಲ್ಲ ಆಮೇಲೆ ಒಂದೊಂದಾಗಿ ಬಂದು ಸೇರಿಕೊಂಡವು. ಸೇರಿಕೊಂಡ ಕ್ರಮ ಸರಿಯೋ ತಪ್ಪೋ... ಹೇಳಲಾರೆ.

ಪಿ.ಟಿ. ಸರ್ ಅವರ ಕೈ ಅದು. ಅಫಜಲಪುರದ ಹೈಸ್ಕೂಲಿನಲ್ಲಿ ನಾನು ಕನ್ನಡ ಕಲಿಸುತ್ತಿದ್ದೆ, ಅವರು ಕವಾಯತು. ಒಮ್ಮೆ ಸೋಲಾಪುರದ ಕಡೆ ದೈಹಿಕ ಶಿಕ್ಷಕರ ಶಿಬಿರಕ್ಕೆ ಹೋಗಿ ಬರುವಾಗ ಒಂದು ಪೆಟ್ಟಿಗೆ ತುಂಬ ಪ್ಲಾಸ್ಟಿಕ್ ತಟ್ಟೆಗಳನ್ನು ತಂದರು. ಡಿಸ್ಕ್ ಗಾಲ್ಫ್ ಎಂಬ ಆಟ. ದೂರದಲ್ಲಿ ಕಂಬದ ಮೇಲೆ ಒಂದು ಕಬ್ಬಿಣದ ಬುಟ್ಟಿ, ಅದರ ಮೇಲೆ ಇಳಿಬಿಟ್ಟ ಸರಪಳಿಗಳು. ತಟ್ಟೆಯನ್ನು ಎಸೆದು, ಅದು ಬಿದ್ದಲ್ಲಿಂದ ಮತ್ತೆ ಎಸೆದು, ಸರಪಳಿಗೆ ಹೊಡೆಸಿ ಬುಟ್ಟಿಯೊಳಗೆ ಬೀಳಿಸಬೇಕು. ಕಡಿಮೆ ಎಸೆತದಲ್ಲಿ ಮುಗಿಸಿದವರು ಗೆದ್ದಂತೆ. ಬುಟ್ಟಿ ತರಲು ಗತಿ ಇರಲಿಲ್ಲ. ಬಂಡಿಯ ಗಾಲಿಗೆ ಹಾಕುವ ಕಬ್ಬಿಣದ ಹಳಿಯನ್ನು ವೆಲ್ಡಿಂಗ್ ಅಂಗಡಿಗೆ ಹೊತ್ತುಕೊಂಡು ಹೋಗಿ, ಅದಕ್ಕೆ ಎತ್ತು ಕಟ್ಟುವ ಸರಪಳಿಗಳನ್ನು ಜೋಡಿಸಿ ಅವರೇ ಒಂದನ್ನು ಮಾಡಿಸಿದರು. ತಟ್ಟೆ ತಾಗಿದರೆ ಕೊಟ್ಟಿಗೆಯಲ್ಲಿ ದನ ಎದ್ದಂಥ ಸದ್ದು ಬರುತ್ತಿತ್ತು.

ಮಕ್ಕಳಿಗೆ ಹುಚ್ಚು ಹಿಡಿಯಿತು. ಸರ್ ಒಬ್ಬೊಬ್ಬರ ಮಣಿಕಟ್ಟು ಹಿಡಿದು, ತೋಳನ್ನು ಹಿಂದೆ ಮುಂದೆ ಆಡಿಸಿ ಕಲಿಸುತ್ತಿದ್ದರು. ಬಾಯಿಂದ ಹೇಳಿ ಕಲಿಸುವುದು ಅವರಿಗೆ ಬರುತ್ತಲೇ ಇರಲಿಲ್ಲ.

ನಂತರ ಅವರಿಗೆ ಲಕ್ವಾ ಹೊಡೆಯಿತು. ದೊಡ್ಡದಲ್ಲ. ಕೆಲವು ತಿಂಗಳಲ್ಲಿ ಮರಳಿ ಬಂದರು. ಮಾತು ನೆಟ್ಟಗಿತ್ತು, ನಡಿಗೆಯೂ ನೆಟ್ಟಗಿತ್ತು. ಬಲಗೈ ಮಾತ್ರ ಒಂದು ವಿಚಿತ್ರ ಕಲಿತುಕೊಂಡು ಬಂದಿತ್ತು. ಅದು ಮುಚ್ಚುತ್ತಿತ್ತು, ಬೇಕೆಂದಾಗ ತೆರೆಯುತ್ತಿರಲಿಲ್ಲ. ಬಂದ ಹೊಸದರಲ್ಲೇ ಒಬ್ಬ ಹುಡುಗಿಗೆ ಎಸೆತ ತೋರಿಸಲು ಮಣಿಕಟ್ಟು ಹಿಡಿದರು. ಬೆರಳು ಅಲ್ಲೇ ಕೂತವು. ಎಡಗೈಯಿಂದ ಒಂದೊಂದೇ ಬೆರಳನ್ನು ಎಬ್ಬಿಸಿ ಬಿಡಿಸಬೇಕಾಯಿತು. ಆ ಹುಡುಗಿ ನಕ್ಕಳು. ಎಲ್ಲಿ ನೋಡಬೇಕೆಂದು ತಿಳಿಯದವರು ನಗುವ ಹಾಗೆ.

ಅವತ್ತು ಬೇವಿನ ಗಿಡದ ಬುಡಕ್ಕೆ ಬಂದು ನನ್ನ ಪಕ್ಕ ಕೂತರು.

‘ಇನ್ನ ಸಾಕ್ರಿ ಮಾಸ್ತರ್ರೇ. ಅರ್ಜಿ ಬರೆದು ಮನಿಗೆ ಹೋಗ್ತೇನಿ.’

‘ಯಾಕ್ರಿ? ಕೈಗೆ ತಕಲೀಫ್ ಆಗಿದ್ರ ಲೈಬ್ರರಿ ನೋಡ್ಕೋರಿ. ಹೆಡ್ ಮಾಸ್ತರು ಬ್ಯಾಡ ಅನ್ನಂಗಿಲ್ಲ.’

‘ಲೈಬ್ರರಿದಾಗ ಏನ್ ಮಾಡ್ಲಿ? ಪುಸ್ತಕಕ್ಕ ಕವಾಯತು ಕಲಿಸ್ಲ್ಯಾ?’ ಎಂದು ನಗಲು ನೋಡಿದರು. ಆಮೇಲೆ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡು ಹೇಳಿದರು: ‘ಹಿಡಿದ ಕೈ ಬಿಡಾಕ ಬರಲಿಲ್ಲಂದ್ರ ಅಂವ ಹೆಂಥಾ ಮಾಸ್ತರ್ರಿ? ಇವತ್ತ ಆ ಕೂಸು ನಕ್ತು. ನಾಳೆ ಇನ್ನೊಂದು ಕೂಸು ಅಳತದ.’

ನಾನು ಸಮಾಧಾನ ಹೇಳಿದೆ ಎಂದು ನೆನಪು ಹೇಳುತ್ತದೆ. ಏನು ಹೇಳಿದೆ ಎಂದು ಕೇಳಿದರೆ ಅದು ಬಾಯಿ ಮುಚ್ಚುತ್ತದೆ. ಬಹುಶಃ ಏನೂ ಹೇಳಿರಲಿಕ್ಕಿಲ್ಲ. ಸರ್ ತಾವೇ ಒಂದು ಷರತ್ತು ಹಾಕಿಕೊಂಡರು. ಪೆಟ್ಟಿಗೆಯಲ್ಲಿದ್ದ ತಟ್ಟೆಗಳಲ್ಲಿ ಒಂದಾದರೂ ತಮ್ಮ ಕೈಯಿಂದ ತಾನಾಗಿ ಹೊರಟರೆ ಉಳಿಯುವುದು. ಇಲ್ಲವಾದರೆ ಅರ್ಜಿ. ತಟ್ಟೆ ಎಸೆಯುವುದೆಂದರೆ ಹೊತ್ತಿಗೆ ಸರಿಯಾಗಿ ಬಿಡುವುದೇ ಅಲ್ಲವೆ, ಅದಕ್ಕಿಂತ ದೊಡ್ಡ ಪರೀಕ್ಷೆ ಆ ಕೈಗೆ ಇರಲಿಲ್ಲ.

ಹೀಗೆ ಆರಿಸುವ ಕೆಲಸ ಶುರುವಾಯಿತು. ದೂರ ಹಾರುವ ಚೂಪು ಅಂಚಿನ ತಟ್ಟೆಗಳನ್ನು ಮೊದಲೇ ಬದಿಗಿಟ್ಟರು. ಉಳಿದವು ಬುಟ್ಟಿಯ ಹತ್ತಿರಕ್ಕೆ ತಲುಪಿಸುವುದಕ್ಕೆ, ಹತ್ತಿರದಿಂದ ಒಳಗೆ ಹಾಕುವುದಕ್ಕೆ ಬಳಸುವ ನಿಧಾನದ ತಟ್ಟೆಗಳು. ಇವುಗಳಲ್ಲಿ ಎರಡು ಜಾತಿ. ಒಂದು ಎತ್ತರದ್ದು, ಹೊಟ್ಟೆ ಆಳ, ಅಂಚು ದಪ್ಪ, ಹಿಡಿದರೆ ಮುಷ್ಟಿ ತುಂಬುತ್ತದೆ. ಇನ್ನೊಂದು ಚಪ್ಪಟೆ, ಅಂಚು ಗಿಡ್ಡ, ಬೆರಳಿಗೆ ಆಧಾರವೇ ಸಿಗದಂಥದ್ದು. ಚಪ್ಪಟೆಯದಕ್ಕೆ ನಮ್ಮಲ್ಲಿ ಮರ್ಯಾದೆಯೇ ಇರಲಿಲ್ಲ, ಪೆಟ್ಟಿಗೆಯ ತಳದಲ್ಲಿ ಧೂಳು ತಿನ್ನುತ್ತಿತ್ತು.

ಬೇಸಿಗೆ ಹತ್ತಿರವಾಗಿತ್ತು. ಎರೆ ಹೊಲಗಳ ಮೇಲಿಂದ ಬರುವ ಗಾಳಿಗೆ ಮೈದಾನದಲ್ಲಿ ಅಡ್ಡಿಯೇ ಇಲ್ಲ. ಮಗನ ಹಾಸ್ಟೆಲ್ ವಿಚಾರಕ್ಕೆ ಗೊಬ್ಬೂರಿನಿಂದ ಬಂದಿದ್ದ ರೈತನೊಬ್ಬ ನಮ್ಮ ಜೊತೆ ನಿಂತು ನೋಡಿ, ಕೇಳದೆಯೇ ತೀರ್ಪು ಕೊಟ್ಟ.

‘ರಾಶಿ ತೂರೋದು ನೋಡಿಲ್ಲೇನ್ರಿ ಸರ? ಹೊಟ್ಟು ಹಾರತದ, ಕಾಳು ಕಾಲಾಗ ಬೀಳತದ. ಗಾಳಿಗೆ ತೂಕಿಂದೇ ಬೇಕ್ರಿ. ಕೈ ತುಂಬಾ ಇರೋದು ತಗೋರಿ.’

ನಾವೆಲ್ಲ ಕಣದಲ್ಲಿ ಆಡಿ ಬೆಳೆದವರು. ಸರ್ ಕೂಡ. ಯಾರಿಗೂ ಅನುಮಾನ ಬರಲಿಲ್ಲ. ಅತಿ ಭಾರದ, ಅತಿ ಆಳದ ತಟ್ಟೆಯನ್ನೇ ಆರಿಸಿ ಕೊಟ್ಟೆವು. ಬೆರಳುಗಳು ಆ ದಪ್ಪ ಅಂಚನ್ನು ಪೂರ್ತಿ ಸುತ್ತಿಕೊಂಡವು. ತೋಳು ಬೀಸಿತು, ತೋಳು ಮುಗಿಯಿತು, ತಟ್ಟೆ ಇನ್ನೂ ಕೈಯಲ್ಲೇ. ತಡವಾಗಿ ಹೊರಟು ಬಲಕ್ಕೆ, ನೀರಿನ ಟಾಕಿಯ ಕಡೆಗೆ ಹೋಯಿತು. ಗಾಳಿ ಅದರ ಹೊಟ್ಟೆಯೊಳಗೆ ಹೊಕ್ಕು ಎತ್ತಿ ಎಲ್ಲಿಗೋ ಒಯ್ದಿತು. ಮೊರದಿಂದ ಕಾಳು ತೂರಿದ್ದನ್ನು ನಾವು ಕಂಡಿದ್ದೆವು. ಮೊರವನ್ನೇ ಎಸೆದು ನೋಡಿದವರು ನಮ್ಮಲ್ಲಿ ಯಾರೂ ಇರಲಿಲ್ಲ.

ಮತ್ತೆ ಎಸೆದರು, ಮತ್ತೆ ಟಾಕಿ. ಮೆತ್ತಗಿನ ಪ್ಲಾಸ್ಟಿಕ್ಕಿನದನ್ನು ಕೊಟ್ಟೆವು, ಬಿಸಿಲಿಗೆ ಅದು ರೊಟ್ಟಿಯ ಹಾಗೆ ಮಣಿದು ಬೆರಳಿಗೆ ಇನ್ನಷ್ಟು ಅಂಟಿಕೊಂಡಿತು. ಅಂಚಿನ ಕೆಳಗೆ ಸಣ್ಣ ಉಬ್ಬುಗೆರೆ ಇದ್ದದ್ದನ್ನು ಕೊಟ್ಟೆವು, ಆ ಗೆರೆಗೇ ಬೆರಳು ಸಿಕ್ಕಿಕೊಂಡಿತು. ಗೊಬ್ಬೂರಿನವ ಟವೆಲ್ಲು ಝಾಡಿಸಿಕೊಂಡು ಬೇರೆ ಕಡೆ ನೋಡತೊಡಗಿದ.

ಆಗ ಪೆಟ್ಟಿಗೆಯ ಹತ್ತಿರ ಕೂತಿದ್ದ ಹುಡುಗಿಯೊಬ್ಬಳು ತಳದಲ್ಲಿದ್ದ ಚಪ್ಪಟೆ ತಟ್ಟೆಯನ್ನು ಎತ್ತಿ ಬದಿಗೆ ಎಸೆದಳು. ‘ಇದೊಂದು ಬ್ಯಾಡ್ರಿ ಸರ. ಕೈಯಾಗ ನಿಲ್ಲಂಗೇ ಇಲ್ಲ. ನಾವು ಒಗ್ಯೂದ್ರಾಗೇ ಜಾರಿ ಹೋಗತದ.’

‘ಏನಂದಿ ಬೇ?’ ಎಂದು ಸರ್ ತಿರುಗಿದರು.

‘ಜಾರತದ ಅಂದ್ನಿರಿ...’

‘ತಾ ಇಲ್ಲಿ!’

ಮಣಿಕಟ್ಟು ಸಿಕ್ಕಿಕೊಂಡಿದ್ದ ಹುಡುಗಿಯೇ ಇವಳು ಎಂದು ನಾನು ಬಹಳ ಕಾಲ ನಂಬಿದ್ದೆ. ಹಾಗಿದ್ದರೆ ಚೆಂದ. ಚೆಂದವಾಗಿರುವುದರಿಂದಲೇ ಈಗ ನಂಬುಗೆಯಿಲ್ಲ. ಬೇರೆ ಹುಡುಗಿಯೂ ಆಗಿರಬಹುದು.

ಸರ್ ಆ ತಟ್ಟೆಯನ್ನು ಮುಷ್ಟಿ ಮಾಡಿ ಹಿಡಿಯಲು ನೋಡಿದರು. ಆಗಲಿಲ್ಲ, ಸುತ್ತಿಕೊಳ್ಳಲು ಅಂಚೇ ಇಲ್ಲ. ಬೇರೆ ದಾರಿಯಿಲ್ಲದೆ ಹೆಬ್ಬೆರಳನ್ನು ಮೇಲಿಟ್ಟು, ಉಳಿದ ಬೆರಳುಗಳನ್ನು ಮಡಚದೆ ಕೆಳಗೆ ಚಾಚಿ ಹಿಡಿದರು. ಬೀಸಿದರು. ತಟ್ಟೆ ಹೊರಟಿತು. ಬೆರಳು ತೆರೆಯಲಿ ಎಂದು ಅದು ಕಾಯಲೇ ಇಲ್ಲ. ಗಾಳಿಯ ಕೆಳಗೇ ನುಸುಳಿ, ನೆಟ್ಟಗೆ ಹೋಗಿ, ಬುಟ್ಟಿಯಿಂದ ಸ್ವಲ್ಪ ದೂರದಲ್ಲಿ ನೆಲಕ್ಕೆ ತಾಗಿ ಜಾರಿ ನಿಂತಿತು. ಸರ್ ತಮ್ಮ ಅಂಗೈಯನ್ನು ತಿರುಗಿಸಿ ನೋಡಿಕೊಂಡರು. ಖಾಲಿ. ಯಾರೋ ಕೊಟ್ಟು ಹೋದ ವಸ್ತುವನ್ನು ನೋಡುವ ಹಾಗೆ ಆ ಖಾಲಿ ಅಂಗೈಯನ್ನು ನೋಡುತ್ತ ನಿಂತರು.

ಆಮೇಲೆ ತಟ್ಟೆ ಬಿದ್ದಲ್ಲಿಗೆ ನಡೆದು ಹೋಗಿ ಕೊನೆಯ ಎಸೆತ ಎಸೆದರು. ಸರಪಳಿಗಳು ಝಣ್ ಎಂದವು, ಮಕ್ಕಳು ಕೂಗಿದರು... ನನ್ನ ಕಿವಿಯಲ್ಲಿ ಇದೆ.

ಅವರು ಅರ್ಜಿ ಬರೆಯಲಿಲ್ಲ. ನಿವೃತ್ತಿಯವರೆಗೂ ಆ ಮೈದಾನದಲ್ಲೇ ಇದ್ದರು. ಮಕ್ಕಳ ಮಣಿಕಟ್ಟನ್ನು ಆಮೇಲೆ ಅವರು ಹಿಡಿದದ್ದೂ ಹಾಗೆಯೇ. ಹೆಬ್ಬೆರಳು ಮೇಲೆ, ಬೆರಳುಗಳು ಮಡಚದೆ ಕೆಳಗೆ. ಹಕ್ಕಿಮರಿಯನ್ನು ಅಂಗೈಯಲ್ಲಿ ಇಟ್ಟುಕೊಂಡ ಹಾಗೆ ಕಾಣುತ್ತಿತ್ತು. ಯಾವ ಮಗುವೂ ಮತ್ತೆ ಸಿಕ್ಕಿಕೊಳ್ಳಲಿಲ್ಲ. ನಾನು ಜೇವರ್ಗಿಗೆ ವರ್ಗವಾಗಿ ಹೋದೆ. ಷರತ್ತು ತಟ್ಟೆ ಕೈಯಿಂದ ಹೊರಡುವುದಷ್ಟೇ ಆಗಿದ್ದರೂ, ಅವರನ್ನು ಉಳಿಸಿದ್ದು ಆ ಝಣ್ ಎಂಬ ಸದ್ದೇ ಎಂದು ಹೋದಲ್ಲೆಲ್ಲ ಕಥೆ ಹೇಳಿದೆ. ಹೇಳುವಾಗ ಒಳಗೊಂದು ಅಂಜಿಕೆಯೂ ಇರುತ್ತಿತ್ತು. ಆ ಹೊತ್ತಿಗೆ ಗಾಳಿ ಸ್ವಲ್ಪ ತಿರುಗಿದ್ದರೆ? ತಟ್ಟೆ ಬುಟ್ಟಿ ತಪ್ಪಿದ್ದರೆ? ಒಬ್ಬ ಮನುಷ್ಯನ ಅಷ್ಟೂ ವರ್ಷಗಳು ಎತ್ತಿನ ಸರಪಳಿಗೆ ಜೋತು ಬಿದ್ದಿದ್ದವೇ?

ಹೋದ ವರ್ಷ ಪಿ.ಟಿ. ಸರ್ ತೀರಿಕೊಂಡರು. ಲಕ್ವಾ ಎರಡನೆಯ ಸಲ ಬಂದಿತ್ತು, ಈ ಸಲ ದೊಡ್ಡದಾಗಿ. ಸುದ್ದಿ ನನಗೆ ತಡವಾಗಿ ಮುಟ್ಟಿತು. ಹೋಗಿ ಬರಬೇಕು ಎಂದುಕೊಳ್ಳುವುದರಲ್ಲೇ ದಿನ ಸರಿದವು. ಆಳಂದದ ಬಜಾರಿನಿಂದ ಅವತ್ತು ನೇರ ಜೇವರ್ಗಿಯ ಮನೆಗೆ ಹೋಗಲಿಲ್ಲ. ಅಫಜಲಪುರದಲ್ಲಿ ಇಳಿದೆ.

ವೈನಿ ಚಹಾ ಮಾಡಿದರು. ಸರ್ ಅವರ ಹೆಂಡತಿಯನ್ನು ನಾನು ಮೊದಲಿನಿಂದಲೂ ಕರೆಯುತ್ತಿದ್ದದ್ದು ಹಾಗೆ. ಮಾತು ಹೇಗೋ ಮೈದಾನಕ್ಕೆ ಬಂತು.

‘ಅವತ್ತ ಸರ ಬುಟ್ಟಿಗಿ ಹಾಕಿದ ಮ್ಯಾಗೇ ಅಲ್ಲೇನ್ರಿ ಅರ್ಜಿ ಮಾತು ಬಿಟ್ಟಿದ್ದು?’ ಎಂದೆ.

‘ಯಾವ ಬುಟ್ಟಿಗ್ರಿ?’ ವೈನಿ ನಕ್ಕರು. ‘ಕಂಬಕ್ಕ ಬಡದು ಹೊರಗ ಬಿತ್ತಂತ. ಮನಿಗೆ ಬಂದು ಅದನ್ನೇ ಹೇಳ್ಕೊಂತ ನಗಾಕತ್ತಿದ್ರು.’

‘ಮತ್ತ ಸರಪಳಿ ಸದ್ದು?’

‘ಅದು ನಮಗೇನ್ ಗೊತ್ರಿ. ನಿಮ್ಮ ಕನ್ನಡ ಮಾಸ್ತರ ಕಿವಿ, ಬೇಕಾದ್ದು ಕೇಳತದ.’ ಮತ್ತೆ ಹೇಳಿದರು: ‘ಬುಟ್ಟಿದು ಅವರಿಗೆ ಫಿಕರೇ ಇರಲಿಲ್ಲರಿ. ದವಾಖಾನಿಯಿಂದ ಬಂದಾಗಿಂದ ಚಹಾ ಕುಡಿದ ಮ್ಯಾಗ ಕಪ್ಪು ನಾನೇ ಅವರ ಬೆರಳಾಗಿಂದ ಬಿಡಿಸ್ಕೋತಿದ್ದೆ. ಅವತ್ತ, ತಡಿ, ನಾನೇ ಇಡ್ತೇನಿ ಅಂದ್ರು. ಭಾಳೊತ್ತು ಹಿಡ್ಕೊಂಡು ಕೂತ್ರು. ಇಟ್ರು. ಕೈ ಬಿಡ್ತು ನೋಡು, ಇನ್ನ ಅರ್ಜಿ ಯಾಕ ಅಂದ್ರು.’

ಆ ಹಳೆಯ ಅಂಜಿಕೆ ಇಳಿಯಿತು. ತಟ್ಟೆ ತಪ್ಪಿತ್ತು, ತಪ್ಪಿಯೂ ಅವರು ಉಳಿದಿದ್ದರು. ಗಾಳಿ ತಿರುಗಿದ್ದರೂ ಉಳಿಯುತ್ತಿದ್ದರು. ಇಷ್ಟು ವರ್ಷ ನಾನು ಕಾಯ್ದುಕೊಂಡು ಬಂದ ಝಣ್ ಎಂಬ ಸದ್ದಿಗೆ ಅಲ್ಲಿ ಕೆಲಸವೇ ಇರಲಿಲ್ಲ. ವೈನಿಯ ನೆನಪೇ ಸರಿ ಎಂದೂ ಅಲ್ಲ. ಯಾರದು ಸರಿ ಎಂದು ಕೇಳಲು ಈಗ ಅವರಿಲ್ಲ. ಆದರೆ ಕೇಳುವ ಅಗತ್ಯವೂ ಹೋಗಿತ್ತು.

ಚಹಾ ಮುಗಿಯಿತು. ಕಪ್ಪು ಕೆಳಗಿಡಲು ನಾನು ಬಾಗುವ ಮೊದಲೇ ವೈನಿಯ ಕೈ ಮುಂದೆ ಬಂದಿತ್ತು, ಬಿಡಿಸಿಕೊಳ್ಳಲು, ನನ್ನ ಬೆರಳಿನ ಹತ್ತಿರಕ್ಕೆ. ಕೊನೆಯ ತಿಂಗಳುಗಳಲ್ಲಿ ಆ ರೂಢಿ ಮತ್ತೆ ಬಂದಿರಬೇಕು. ಇಬ್ಬರೂ ಆ ಕೈಯನ್ನು ನೋಡಿದೆವು. ನಾನು ಕಪ್ಪನ್ನು ಕೆಳಗಿಡಲಿಲ್ಲ, ಅವರಿಗೇ ಕೊಟ್ಟೆ.

‘ಇನ್ನ ಜರಾ ಹಾಕ್ಲೇನ್ರಿ?’ ಎಂದರು.

ಜೇವರ್ಗಿ ಬಸ್ಸಿನ ಹೊತ್ತಾಗಿತ್ತು. ಹಾಕ್ರಿ ಎಂದೆ.