ಖರಾಬು ದಾರಿ

ನಮ್ಮೂರಲ್ಲಿ ಹೆಂಗಸು ಓಡಿದರೆ ಜನ ಕೇಳುವುದು ಎರಡೇ ಪ್ರಶ್ನೆ. ಒಂದು, ‘ಬಸ್ಸು ತಪ್ಪಿತೇನಮ್ಮಾ?’ ಇನ್ನೊಂದು, ‘ಯಾರಿಗೇನಾಯ್ತು?’ ಓಡಬೇಕು ಅನ್ನಿಸಿ ಓಡುತ್ತಿದ್ದಾಳೆ ಅನ್ನೋದು ಶಿಕಾರಿಪುರದಲ್ಲಿ ಯಾರ ತಲೆಗೂ ಹೊಳೆಯುವುದಿಲ್ಲ. ನಲವತ್ತಾರನೇ ವಯಸ್ಸಲ್ಲಿ, ದುಪಟ್ಟಾ ತಲೆಗೆ ಸುತ್ತಿ ಪಿನ್ನು ಹಾಕಿ, ಮಗನ ಹಳೇ ಶೂ ಕಟ್ಟಿಕೊಂಡು ಕೆರೆ ಏರಿ ಮೇಲೆ ಓಡಿದ ಮೊದಲ ದಿನ ಇಬ್ಬರು ಸ್ಕೂಟರ್ ನಿಲ್ಲಿಸಿದರು. ಒಬ್ಬರಂತೂ ಆಸ್ಪತ್ರೆಗೆ ಬಿಡ್ತೀನಿ ಹತ್ತಿ ಅಂದರು. ಒಳ್ಳೇ ಮನುಷ್ಯ, ಬೈಯೋ ಹಾಗೂ ಇಲ್ಲ.

ನಾನು ಟೈಲರ್. ಇಪ್ಪತ್ತೈದು ವರ್ಷ ಮಿಷನ್ ಮುಂದೆ ಕೂತು ಸೊಂಟ ಹಿಡಿದುಹೋಗಿತ್ತು. ಡಾಕ್ಟರು ನಡೀರಿ ಅಂದರು, ನಾನು ನಡೆಯುತ್ತಾ ನಡೆಯುತ್ತಾ ಓಡಿಬಿಟ್ಟೆ. ಆಮೇಲೆ ಬಿಡೋಕಾಗಲಿಲ್ಲ.

ಓಡೋಕೆ ನಮ್ಮೂರ ಸುತ್ತ ದಾರಿಗೇನು ಬರವಿಲ್ಲ. ಕೆರೆ ಏರಿ ಇದೆ, ಬೆಳಗಿನ ಹೊತ್ತು ನೀರಿನ ಮೇಲೆ ಮಂಜು ಕೂತಿರುತ್ತೆ, ನೋಡೋಕೆ ಬಲು ಚಂದ. ಆದರೆ ಅಲ್ಲಿ ರಿಟೈರಾದ ಯಜಮಾನರು ಸಾಲಾಗಿ ಅಡ್ಡಡ್ಡ ನಡೀತಾರೆ, ದಾರಿ ಕೇಳಿದರೆ ಉಪದೇಶ ಕೊಡ್ತಾರೆ. ಈಸೂರಿನ ರಸ್ತೆ ಇದೆ, ಎರಡೂ ಕಡೆ ಮೆಕ್ಕೆಜೋಳ, ತಣ್ಣನೆ ಗಾಳಿ. ಆದರೆ ಕಟಾವಾದ ಮೇಲೆ ಅರ್ಧ ರಸ್ತೆ ತುಂಬ ಜೋಳ ಒಣಗಿಸಿರುತ್ತಾರೆ, ಉಳಿದರ್ಧದಲ್ಲಿ ಟ್ರ್ಯಾಕ್ಟರು. ಮೂರನೆಯದು ಕುಮುದ್ವತಿ ಹೊಳೆಯ ದಂಡೆಯ ದಾರಿ. ಊರ ಹಿಂಭಾಗದ ಮನೆಗಳ ಹಿತ್ತಿಲಿಂದ ಶುರುವಾಗಿ, ಹೊಂಗೆ ಮರದ ಕೆಳಗೆ ಹಾದು, ಬಟ್ಟೆ ಒಗೆಯೋ ಬಂಡೆ ದಾಟಿ, ಒಂದು ಮುರಿದ ವೀರಗಲ್ಲಿನ ಹತ್ತಿರ ನಿಲ್ಲುತ್ತೆ. ಶಾಸನ ನೋಡೋಕೆ ತಾಳಗುಂದಕ್ಕೆ ಕಾರಲ್ಲಿ ಬರೋರಿಗೆ ಈ ದಾರಿ ಇದೆ ಅಂತಲೇ ಗೊತ್ತಿಲ್ಲ. ಗೊತ್ತಾಗದೇ ಇರಲಿ.

ಆ ದಾರೀಲೇ ಅವಳು ಸಿಕ್ಕಿದ್ದು. ನಮ್ಮ ಓಣಿಯ ದಿನಸಿ ಅಂಗಡಿಯವರ ಸೊಸೆ. ಸೊರಬದ ಕಡೆಯವಳು, ಉಳವಿಯಲ್ಲಿ ಹುಟ್ಟಿದವಳು. ಹೈಸ್ಕೂಲಲ್ಲಿ ಎಂಟುನೂರು ಮೀಟರ್ ಓಟದಲ್ಲಿ ತಾಲ್ಲೂಕಿಗೇ ಮೊದಲು ಬಂದಿದ್ದಳಂತೆ. ಮದುವೆಯಾಗಿ ಹನ್ನೊಂದು ವರ್ಷ ಒಂದು ಹೆಜ್ಜೆ ಓಡಿರಲಿಲ್ಲ. ನಾನು ಓಡುವುದನ್ನು ಹಿತ್ತಿಲ ಬಾಗಿಲಿಂದ ವಾರಗಟ್ಟಲೆ ನೋಡಿದ್ದಾಳೆ, ಒಂದು ದಿನ ಬರಿಗಾಲಲ್ಲೇ ಹಿಂದೆ ಬಂದುಬಿಟ್ಟಳು. ನೂರು ಹೆಜ್ಜೆಗೆ ನನ್ನನ್ನು ಹಿಂದೆ ಹಾಕಿದಳು, ಹಾಳಾದವಳು. ಹೊಂಗೆ ಮರದ ಹತ್ತಿರ ನಿಂತು, ‘ಬೇಗ ಬನ್ನಿ ಅಕ್ಕಾ, ಎಂತ ಮಾರಾಯ್ರೆ ನೀವು’ ಅಂತ ನಕ್ಕಳು.

ಅವಳ ಅತ್ತೆ ಒಪ್ಪಿದ್ದು ಒಂದೇ ಷರತ್ತಿನ ಮೇಲೆ. ಊರೆದುರಿಗೆ ಸೊಸೆ ಓಡಬಾರದು. ಹಿತ್ತಿಲಿಂದ ಹೋಗಿ ಹಿತ್ತಿಲಿಂದಲೇ ಬರೋದಾದರೆ ಬೆಳಿಗ್ಗೆ ಆರರಿಂದ ಏಳು, ಒಂದು ಗಂಟೆ. ಆ ದಾರಿ ಇದ್ದದ್ದಕ್ಕೇ ಅವಳಿಗೆ ಆ ಗಂಟೆ ಇತ್ತು. ಎರಡು ವರ್ಷ ಹೀಗೇ ಓಡಿದೆವು. ಅವಳ ಕಾಲಿಗೆ ಶೂ ಬಂತು, ಮುಖಕ್ಕೆ ಕಳೆ ಬಂತು.

ದೀಪಾವಳಿ ಆಗಿ ಒಂದು ವಾರಕ್ಕೆ ದಾರಿಗೆ ಅಡ್ಡಲಾಗಿ ಕಲ್ಲುಕಂಬ ನೆಟ್ಟು ತಂತಿ ಎಳೆದಿದ್ದರು. ಎಲ್ಲಿ ಅಂತೀರಿ? ಬಂಡೆ ದಾಟುವುದಿರಲಿ, ಹೊಂಗೆ ಮರಕ್ಕೂ ಮುಂಚೆ. ದಾರಿ ಪಕ್ಕದ ಹೊಲ ಯಾರದ್ದು ಅಂತ ಕೇಳೋ ಅಗತ್ಯ ಇರಲಿಲ್ಲ. ಅದು ನನ್ನ ತಮ್ಮನದು, ನಮ್ಮ ಅಬ್ಬಾ ಬಿಟ್ಟುಹೋದ ಜಮೀನು. ನನಗೆ ಮೈಯೆಲ್ಲ ಉರಿದುಹೋಯಿತು. ಅವಳು ತಂತಿ ಹಿಡಿದು ನಿಂತಳು. ನಾನು ಶೂ ಕೂಡ ಬಿಚ್ಚದೆ ತಮ್ಮನ ಮನೆಗೆ ಹೋದೆ.

ಅವನು ಚಹಾದಲ್ಲಿ ಬನ್ನು ಅದ್ದುತ್ತಿದ್ದ. ಬಾಯಿಗೆ ಬಂದ ಹಾಗೆ ಬೈದೆ. ಹೊಳೆ ದಂಡೆ ನಿಮ್ಮಪ್ಪನ ಮನೆಯದಾ ಅಂದೆ, ಅಪ್ಪ ಇಬ್ಬರಿಗೂ ಒಬ್ಬರೇ ಅನ್ನೋದೂ ಮರೆತು. ಅವನು ಎಲ್ಲ ಕೇಳಿಸಿಕೊಂಡು, ಬನ್ನು ನುಂಗಿ, ‘ಆಪಾ, ಬೇಲಿ ಹಾಕು ಅಂತ ಹೇಳಿದ್ದೇ ನೀನು’ ಅಂದ.

ನಾನು ಹೇಳಿದ್ದು ನಿಜ. ಅಬ್ಬಾ ತೀರಿಕೊಂಡ ವರ್ಷ ಅವನು ಪಹಣಿ ತಂದು, ಓದು ಅಂತ ನನ್ನ ಮುಂದೆ ಇಟ್ಟಿದ್ದ. ನಮ್ಮ ಮನೇಲಿ ಕನ್ನಡ ಶಾಲೆಗೆ ಹೋದವಳು ನಾನೊಬ್ಬಳೇ. ಎಕರೆ, ಗುಂಟೆ ಎಲ್ಲ ಓದಿದೆ. ಒಂದು ಕಡೆ ನಾಲ್ಕು ಗುಂಟೆಗೆ ‘ಖರಾಬು’ ಅಂತ ಇತ್ತು, ಪಕ್ಕದಲ್ಲಿ ‘ಬ’ ಅಂತ ಒಂದಕ್ಷರ. ನಮ್ಮ ಮನೆಮಾತಲ್ಲಿ ಖರಾಬ್ ಅಂದರೆ ಕೆಟ್ಟಿದ್ದು. ಹಾಲು ಖರಾಬ್, ಮಿಷನ್ ಖರಾಬ್, ಬುದ್ಧಿ ಖರಾಬ್. ಹಾಗಾಗಿ, ‘ಹೊಳೆ ಕಡೆ ಜಾಗ ಖರಾಬ್ ಅಂತೆ ಕಣೋ, ಕೆಲಸಕ್ಕೆ ಬರಲ್ಲ, ಯಾರೂ ಕೇಳಲ್ಲ, ಬೇಕಾದರೆ ಸೇರಿಸಿಕೊಂಡು ಬೇಲಿ ಹಾಕ್ಕೋ’ ಅಂದಿದ್ದೆ. ದೊಡ್ಡ ಓದಿದವಳ ಹಾಗೆ. ‘ಬ’ ಯಾಕೆ ಇದೆ ಅಂತ ಒಂದು ಮಾತು ಯಾರನ್ನೂ ಕೇಳಲಿಲ್ಲ. ಆಗ ನಾನಿನ್ನೂ ಓಡುತ್ತಿರಲಿಲ್ಲ, ಆ ದಾರಿ ನನಗೆ ಬೇಕಾಗಿರಲಿಲ್ಲ.

ತಾಲ್ಲೂಕು ಕಚೇರಿಗೆ ಹೋಗಿ ಕೇಳಿದೆ. ಸರ್ವೆಯರ್ ವಯಸ್ಸಾದವರು, ಪಹಣಿ ನೋಡಿ ನಕ್ಕರು. ‘ಖರಾಬು ಅಂದ್ರೆ ಕೆಟ್ಟ ಜಾಗ ಅಲ್ಲ ರೀ. ಉಳುಮೆಗೆ ಲೆಕ್ಕ ಹಿಡಿಯದೆ ಬಿಟ್ಟಿದ್ದು. ಅದರಲ್ಲಿ ಬ ಅಂತಿದ್ರೆ ದಾರಿ, ಹಳ್ಳ, ಇಂಥವು. ಎಲ್ಲರದೂ. ಅದಕ್ಕೆ ಯಾರೂ ಬೇಲಿ ಹಾಕೋ ಹಾಗಿಲ್ಲ’ ಅಂದರು. ಎಲ್ಲರದೂ ಅಂತ ಬರೆದಿದ್ದನ್ನು ನಾನು ಯಾರದೂ ಅಲ್ಲ ಅಂತ ಓದಿದ್ದೆ. ನಾಚಿಕೆಯೂ ಆಯಿತು, ನಾಚಿಕೆಗಿಂತ ಸಿಟ್ಟೇ ಹೆಚ್ಚು ಬಂತು. ಅಲ್ಲೇ ಬೆಂಚಿನ ಮೇಲೆ ಕೂತು ಸ್ವಂತ ತಮ್ಮನ ಮೇಲೆ ಅರ್ಜಿ ಬರೆದೆ.

ಅಳತೆಗೆ ಬಂದು, ನೋಟಿಸು ಕೊಟ್ಟು, ಗಡಿಕಲ್ಲು ಹಾಕಿ, ತಂತಿ ಕಿತ್ತು ಮುಗಿಯುವಾಗ ಯುಗಾದಿ ಕಳೆದಿತ್ತು. ಐದು ತಿಂಗಳು. ತಮ್ಮ ಮಾತು ಬಿಟ್ಟ. ರಂಜಾನಿಗೆ ಅವನ ಮನೆಯಿಂದ ಶೀರ್ ಖುರ್ಮಾ ಬರಲಿಲ್ಲ. ಬರದಿದ್ದರೆ ಕತ್ತೆ ಬಾಲ, ದಾರಿ ಬಂತಲ್ಲ ಅಂದುಕೊಂಡೆ. ತಂತಿ ಕಿತ್ತ ಮರುದಿನ ಬೆಳಿಗ್ಗೆ ಆರಕ್ಕೆ ಅವಳ ಹಿತ್ತಿಲ ಬಾಗಿಲಿಗೆ ಹೋಗಿ ಕೂಗಿದೆ.

ಅವಳು ಬಂದಳು. ಕೈಗೆ ಕಡಲೆಬೇಳೆಯ ಧೂಳು ಮೆತ್ತಿತ್ತು. ಹಿಂದೆ ನಡುಮನೆಯಲ್ಲಿ ಬೇಳೆ ಮೂಟೆ ಬಿಚ್ಚಿತ್ತು, ಪಕ್ಕದಲ್ಲಿ ಅರ್ಧ ಕೆಜಿಯ ಪೊಟ್ಟಣಗಳ ರಾಶಿ. ‘ಅಂಗಡಿ ಬಾಗಿಲು ತೆಗೆಯೋದರೊಳಗೆ ಇಷ್ಟು ಕಟ್ಟಬೇಕು ಅಕ್ಕಾ’ ಅಂದಳು.

‘ಮುಂಚೆ ಯಾರು ಕಟ್ಟುತ್ತಿದ್ದರು?’ ಅಂದೆ.

‘ಅಂಗಡಿಯಲ್ಲೇ ಕಟ್ಟುತ್ತಿದ್ರು, ಗಂಡಸರು. ದಾರಿ ಮುಚ್ಚಿತಲ್ಲ, ಸುಮ್ಮನೆ ಕೂತಿರ್ತೀಯಲ್ಲ ಅಂತ ಅತ್ತೆ ಒಂದಿನ ಮೂಟೆ ತರಿಸಿದ್ರು. ಆಮೇಲೆ ದಿನಾ ಬಂತು.’

ಒಳಗಿಂದ ಅತ್ತೆಯ ದನಿ, ‘ಯಾರೇ ಅದು? ಟೈಲರಮ್ಮನಾ? ಚಹಾ ಕುಡಿದು ಹೋಗೋಕೆ ಹೇಳು.’ ಅದರಲ್ಲಿ ಒಂದು ಚೂರು ಕೆಟ್ಟತನ ಇರಲಿಲ್ಲ. ಅದಕ್ಕೇ ನನಗೆ ಇನ್ನಷ್ಟು ರೇಗಿತು. ಆ ಮನೆಯಲ್ಲಿ ಯಾರೂ ಅವಳ ಗಂಟೆಯನ್ನು ಕಿತ್ತುಕೊಂಡಿರಲಿಲ್ಲ. ಕೆಲಸಕ್ಕೆ ಬರದ ಹೊತ್ತು, ಯಾರೂ ಕೇಳಲ್ಲ ಅಂತ ಸೇರಿಸಿಕೊಂಡಿದ್ದರು ಅಷ್ಟೇ. ಆ ಲೆಕ್ಕ ನನಗೆ ಚೆನ್ನಾಗಿ ಗೊತ್ತು, ತಮ್ಮನಿಗೆ ಹೇಳಿಕೊಟ್ಟವಳು ನಾನೇ.

‘ದಾರಿ ಬಿಡಿಸಿದೀನಿ ಕಣೇ’ ಅಂದೆ. ‘ನೋಡು, ಕಲ್ಲು ಕೂಡ ಹಾಕಿದಾರೆ. ಇನ್ನು ಯಾರಪ್ಪನಿಂದಲೂ ಮುಚ್ಚೋಕಾಗಲ್ಲ.’

ಅವಳು ಹಿತ್ತಿಲಾಚೆ ಹೊಂಗೆ ಮರದವರೆಗೂ ನೋಡಿದಳು. ಆಮೇಲೆ ಸೆರಗಿಗೆ ಕೈ ಒರೆಸಿಕೊಂಡು, ಮೆಲ್ಲಗೆ ಕೇಳಿದಳು.

‘ನನ್ನ ಗಂಟೆ ಬಿಡಿಸೋಕೆ ಯಾವ ಸರ್ವೆಯರ್‌ನ ಕರೀತೀರ ಅಕ್ಕಾ?’