ಗಾಯ ಎಂದು ನಾವು ಓದಿಕೊಂಡದ್ದು

ಸುಗುಣ ಮೊದಲು ಕಳೆದುಕೊಂಡದ್ದು ‘ಬಾಗಿಲು’ ಎಂಬ ಶಬ್ದವನ್ನು.

ಬೆಳಗ್ಗೆ ಡ್ಯೂಟಿಗೆ ಹೊರಟವಳು ಅಂಗಳದಲ್ಲಿ ತಿರುಗಿ ನಿಂತು, “ಅದು ಹಾಕಿಕೊಳ್ಳಿ, ಅದು... ನಾಯಿ ಒಳಗೆ ಬರ್ತದೆ” ಎಂದಳು. ಬೆರಳು ಬಾಗಿಲ ಕಡೆಗೇ ಇತ್ತು. ಹೆಸರು ಬರಲಿಲ್ಲ. ಮನೆಮಾತಾದ ತುಳುವಿನಲ್ಲೂ ಬರಲಿಲ್ಲ. ನಾನು ನಕ್ಕೆ. ಅವಳೂ ನಕ್ಕಳು. ಬಸ್ಸಿನ ಅವಸರದಲ್ಲಿ ಇಬ್ಬರೂ ಅದನ್ನು ಮರೆತೆವು.

ಕೊಟ್ಟಾರದ ಮನೆಯಲ್ಲಿ ನಾವು ಮೂವರು: ನಾನು, ನನ್ನ ಹೆಂಡತಿ ಸುಗುಣ, ನನ್ನ ಅಮ್ಮ. ಮಕ್ಕಳಾಗಲಿಲ್ಲ. ನಾನು ಹಂಚಿನ ಕಾರ್ಖಾನೆಯೊಂದರ ಆಫೀಸಿನಲ್ಲಿ ಗುಮಾಸ್ತ. ಅವಳು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಟ್ರಂಕ್ ಆಪರೇಟರ್. ದೂರದ ಊರಿಗೆ ಮಾತಾಡಬೇಕೆಂದರೆ ಕಾಲ್ ಬುಕ್ ಮಾಡಿ ಕಾಯಬೇಕಿದ್ದ ಕಾಲ ಅದು. ಕಿವಿಗೆ ಹೆಡ್‌ಫೋನ್ ಹಾಕಿ, ಬೋರ್ಡಿನ ಮುಂದೆ ಕುಳಿತು, ತುಳು, ಕೊಂಕಣಿ, ಕನ್ನಡ, ಹಿಂದಿ, ಇಂಗ್ಲಿಷು ಎಲ್ಲದರಲ್ಲೂ ಜನರನ್ನು ಜನರಿಗೆ ಸೇರಿಸುವುದು ಅವಳ ಕೆಲಸ. ಅವಳ ನಾಲಿಗೆ ತಡವರಿಸಿದ್ದನ್ನು ನಾನು ಕೇಳಿದ್ದಿಲ್ಲ.

ಆಮೇಲೆ ತಲೆನೋವು ಶುರುವಾಯಿತು. ಕನ್ನಡಕ ಬದಲಾಯಿಸಿದೆವು. ಪಿತ್ತ ಎಂದು ಅಮ್ಮ ಕಷಾಯ ಕಾಯಿಸಿ ಕೊಟ್ಟರು. ಡ್ಯೂಟಿಯಲ್ಲಿ ಸುಗುಣ ಹುಬ್ಬಳ್ಳಿ ಎನ್ನುವಲ್ಲಿ ಹಾಸನ ಎಂದಳಂತೆ, ಸೂಪರ್‌ವೈಸರ್ ಗದರಿದರಂತೆ. ಅದನ್ನು ಹೇಳಿಕೊಂಡು ಅತ್ತಳು. ರಜೆ ಹಾಕು ಎಂದೆ. ಹಾಕಲಿಲ್ಲ.

ಒಂದು ಮಧ್ಯಾಹ್ನ ಬೋರ್ಡಿನ ಮುಂದೆಯೇ ಫಿಟ್ಸ್ ಬಂತು.

ಜೊತೆಯ ಹೆಂಗಸರೇ ಕಂಕನಾಡಿಯ ಆಸ್ಪತ್ರೆಗೆ ಸೇರಿಸಿ ನನಗೆ ಸುದ್ದಿ ಮುಟ್ಟಿಸಿದರು. ನಾನು ಹೋಗುವಾಗ ಮಲಗಿದ್ದಳು. ಕಚ್ಚಿಕೊಂಡು ನಾಲಿಗೆಯ ಅಂಚು ಹರಿದಿತ್ತು. ಡಾಕ್ಟರರು ಅವಳ ಕಣ್ಣಿನೊಳಗೆ ಬೆಳಕು ಬಿಟ್ಟು ತುಂಬ ಹೊತ್ತು ನೋಡಿ, “ಬ್ರೈನ್ ಸ್ಕ್ಯಾನ್ ಆಗ್ಬೇಕು. ಆ ಮೆಷಿನ್ ಇಲ್ಲಿ ಇಲ್ಲ, ಬೆಂಗಳೂರಿಗೆ ಹೋಗಿ ಬನ್ನಿ” ಎಂದರು.

ನಮ್ಮ ಜೊತೆ ಬಂದದ್ದು ಸುಗುಣಳ ತಮ್ಮ ಜಗನ್ನಾಥ. ಬಹರೈನಿನಲ್ಲಿ ಕೆಲಸ; ರಜೆಯಲ್ಲಿ ಊರಿಗೆ ಬಂದಿದ್ದ. ಬೆಂಗಳೂರಿನಲ್ಲಿ ಸ್ಕ್ಯಾನ್ ಆಯಿತು. ಮರುದಿನ ಒಂದು ದೊಡ್ಡ ಲಕೋಟೆ ಕೊಟ್ಟು, ನಿಮ್ಮ ಡಾಕ್ಟರಿಗೇ ತೋರಿಸಿ ಎಂದರು. ಊರಿಗೆ ಬಂದರೆ ನಮ್ಮ ಡಾಕ್ಟರರು ರಜೆಯಲ್ಲಿದ್ದರು. ಬರುವುದು ಮುಂದಿನ ವಾರ.

ಆ ದಿನಗಳನ್ನು ಹೇಗೆ ಹೇಳಲಿ? ಲಕೋಟೆಯೊಳಗೆ ಕಪ್ಪು ಫಿಲ್ಮು, ಟೈಪ್ ಮಾಡಿದ ಒಂದು ಹಾಳೆ. ನಾನು ದಿನವಿಡೀ ಇಂಗ್ಲಿಷಿನಲ್ಲಿ ವ್ಯವಹಾರದ ಕಾಗದ ಬರೆಯುವವನು. ಇದೂ ಇಂಗ್ಲಿಷೇ. ಒಂದೊಂದು ಅಕ್ಷರವನ್ನೂ ಓದಬಲ್ಲೆ, ವಾಕ್ಯ ಮಾತ್ರ ಕೈಗೆ ಸಿಗುವುದಿಲ್ಲ. ಎಡ ಟೆಂಪೊರಲ್ ಲೋಬಿನಲ್ಲಿ ‘ಸ್ಪೇಸ್ ಆಕ್ಯುಪೈಯಿಂಗ್ ಲೀಷನ್’. ‘ಮಾಸ್ ಎಫೆಕ್ಟ್’. ‘ಮಿಡ್‌ಲೈನ್ ಶಿಫ್ಟ್’. ಕೊನೆಗೆ ಒಂದು ಪ್ರಶ್ನೆ ಚಿಹ್ನೆ, ಅದರ ಪಕ್ಕದಲ್ಲಿ ‘ಗ್ಲಯೋಮಾ’.

ಜಗನ್ನಾಥ ಎಲ್ಲಿಂದಲೋ ಡಿಕ್ಷನರಿ ತಂದ.

“ಭಾವ, ಲೀಷನ್ ಅಂದ್ರೆ ಗಾಯ. ಇಲ್ಲೇ ಉಂಟು ನೋಡಿ. ಗಾಯ ತಾನೆ? ಮದ್ದು ಹಾಕಿದ್ರೆ ಒಣಗ್ತದೆ.”

“ಮತ್ತೆ ಈ ಗ್ಲಯೋಮಾ?”

“ಅದು ಇದರಲ್ಲಿ ಇಲ್ಲ. ಅವರಿಗೇ ಸರಿ ಗೊತ್ತಿಲ್ಲ, ಪ್ರಶ್ನೆ ಚಿಹ್ನೆ ಹಾಕಿದ್ದಾರಲ್ಲ.”

ಉಳಿದ ಮಿದುಳು ‘ಅನ್‌ರಿಮಾರ್ಕಬಲ್’ ಎಂದೂ ಇತ್ತು. ಅದನ್ನು ಓದಿ ಅವನಿಗೆ ಸಿಟ್ಟೇ ಬಂತು. “ಇದೆಂತ ಮಾರಾಯ್ರೆ, ಅಕ್ಕನ ಮಿದುಳಿನಲ್ಲಿ ಹೇಳಿಕೊಳ್ಳುವಂಥದ್ದು ಏನೂ ಇಲ್ಲ ಅಂತ ಬರ್ದಿದ್ದಾರೆ!” ಸುಗುಣ ಹೊಟ್ಟೆ ಹಿಡಿದುಕೊಂಡು ನಕ್ಕಳು. ಕಾಯಿಲೆ ಬಿದ್ದ ಮೇಲೆ ಅವಳು ಹಾಗೆ ನಕ್ಕದ್ದು ಅದೇ ಮೊದಲು.

ಗಾಯ. ಆ ವಾರವಿಡೀ ನಾವು ಆ ಶಬ್ದವನ್ನು ಹಿಡಿದುಕೊಂಡು ಬದುಕಿದೆವು. ನೆರೆಹೊರೆಯವರಿಗೂ ಅದನ್ನೇ ಹೇಳಿದೆವು. ತಲೆಯೊಳಗೆ ಸಣ್ಣ ಗಾಯವಂತೆ, ಗುಣವಾಗುತ್ತದಂತೆ. ಹೇಳಿ ಹೇಳಿ ನಾನೂ ನಂಬಿದೆ. ಮನುಷ್ಯನಿಗೆ ಹೆದರಿಕೆಯಾದಾಗ ಒಂದು ಶಬ್ದಕ್ಕೆ ನಾಲ್ಕು ಅರ್ಥವಿದ್ದರೆ, ಬದುಕಲು ಬಿಡುವ ಅರ್ಥವನ್ನೇ ಆರಿಸಿಕೊಳ್ಳುತ್ತಾನೆ. ತಪ್ಪೆಂದು ಈಗಲೂ ನನಗೆ ಅನಿಸುವುದಿಲ್ಲ.

ಡಾಕ್ಟರರು ಬಂದರು. ಸುಗುಣಳನ್ನು ಹೊರಗಿನ ಬೆಂಚಿನಲ್ಲಿ ಕೂರಿಸಿ ನನ್ನನ್ನು ಒಳಗೆ ಕರೆದರು. ಫಿಲ್ಮನ್ನು ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿದರು.

“ಗಾಯ ಅಲ್ವಾ ಡಾಕ್ಟ್ರೆ?” ನಾನೇ ಮೊದಲು ಕೇಳಿದೆ.

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಲೀಷನ್ ಅಂದ್ರೆ ಇಲ್ಲಿ ಗಾಯ ಅಂತ ಅಲ್ಲ. ಇರಬಾರದ್ದು ಏನೋ ಉಂಟು ಅಂತ. ಇದು ಗಡ್ಡೆ. ತಲೆಬುರುಡೆ ಗಟ್ಟಿ ನೋಡಿ, ಹಿಗ್ಗುವುದಿಲ್ಲ. ಒಳಗೆ ಒಂದು ಬೆಳೆದ್ರೆ ಪಕ್ಕದ್ದನ್ನು ದೂಡ್ತದೆ. ನಡುವೆ ಇರಬೇಕಾದ ಗೆರೆ ಬಲಕ್ಕೆ ಸರಿದಿದೆ. ಮಿಡ್‌ಲೈನ್ ಶಿಫ್ಟ್ ಅಂದ್ರೆ ಅದು. ಮಾತಿನ ಜಾಗ ಎಡಗಡೆ, ಹಾಗಾಗಿ ಶಬ್ದ ತಪ್ಪುವುದು.”

“ಪ್ರಶ್ನೆ ಚಿಹ್ನೆ ಉಂಟಲ್ಲ?”

“ಗಡ್ಡೆ ಉಂಟಾ ಇಲ್ವಾ ಅಂತ ಅಲ್ಲ ಆ ಪ್ರಶ್ನೆ. ಯಾವ ಜಾತಿಯ ಗಡ್ಡೆ, ಗ್ಲಯೋಮಾವೇ ಹೌದಾ ಅಂತ. ಆಪರೇಷನ್ ಮಾಡಿ ಬಯಾಪ್ಸಿ ನೋಡಿದ್ರೆ ಗೊತ್ತಾಗ್ತದೆ.”

“ಕ್ಯಾನ್ಸರಾ?”

“ನನಗೆ ಹಾಗೆ ಕಾಣ್ತದೆ.”

ಏಳಲು ಹೊರಟವನು ಮತ್ತೆ ಕುಳಿತೆ. ಕೇಳಲು ಇನ್ನೇನೂ ತೋಚದೆ ಅನ್‌ರಿಮಾರ್ಕಬಲ್ ಎಂದರೇನು ಎಂದು ಕೇಳಿದೆ. “ಉಳಿದದ್ದೆಲ್ಲ ಸರಿ ಇದೆ ಅಂತ. ನಮ್ಮ ರಿಪೋರ್ಟಿನಲ್ಲಿ ಅದಕ್ಕಿಂತ ಒಳ್ಳೆ ಶಬ್ದ ಇಲ್ಲ” ಎಂದರು. ಅಷ್ಟು ಹೇಳಿ ನನ್ನ ಮುಖ ನೋಡದೆ ಕಿಟಕಿಯ ಕಡೆ ತಿರುಗಿದರು.

ಹೊರಗೆ ಬಂದರೆ ಸುಗುಣ ನೇರ ನನ್ನ ಕಣ್ಣನ್ನೇ ನೋಡಿದಳು. ಸಣ್ಣ ಗಡ್ಡೆ, ಹೆದರುವುದು ಬೇಡ ಎಂದು ಏನೋ ಶುರು ಮಾಡಿದೆ. ಅವಳು ಕೈ ಅಡ್ಡ ಹಿಡಿದಳು.

“ಸಾವಿನ ಸುದ್ದಿಯ... ಟ್ರಂಕ್ ಕಾಲ್. ಬೋರ್ಡಿನಲ್ಲಿ ತುಂಬ ಕೊಟ್ಟಿದ್ದೇನೆ. ಎಲ್ಲರೂ ಸುತ್ತಿ ಸುತ್ತಿ... ಆ ಕಡೆಯವರಿಗೆ ಮೊದಲೇ ಗೊತ್ತಾಗಿರ್ತದೆ.” ಉಸಿರೆಳೆದುಕೊಂಡು ತುಳುವಿನಲ್ಲಿ ಮುಗಿಸಿದಳು. “ಸಮ ಪನ್ಲೆ.”

ಸರಿಯಾಗಿ ಹೇಳಿ.

ಹೇಳಿದೆ. ಡಾಕ್ಟರರು ಹೇಳಿದ ಕ್ರಮದಲ್ಲೇ, ಒಂದೂ ಬಿಡದೆ ಹೇಳಿದೆ. ಬೆಳೆಯುತ್ತದಾ ಎಂದು ಕೇಳಿದಳು. ಬೆಳೆಯುತ್ತದೆ ಎಂದೆ. ಸೆರಗಿನ ಅಂಚನ್ನು ನೇವರಿಸಿ ಸರಿಮಾಡಿಕೊಂಡಳು. ಆಮೇಲೆ ಹಸಿವಾಗುತ್ತದೆ ಎಂದಳು. ಪಕ್ಕದ ಹೋಟೆಲಿನಲ್ಲಿ ಬನ್ಸ್, ಚಾ ತರಿಸಿದೆವು. ಅವಳು ಪೂರ್ತಿ ತಿಂದಳು. ನನ್ನದು ತಟ್ಟೆಯಲ್ಲೇ ಉಳಿಯಿತು. ಅದನ್ನೂ ಅವಳೇ ಎಳೆದುಕೊಂಡು ತಿಂದಳು.

ಅಮ್ಮನಿಗೆ ಹೇಳುವುದು ಬೇರೆಯೇ ಕಷ್ಟವಾಯಿತು. ಆ ಹಾಳೆಯ ಒಂದು ಶಬ್ದಕ್ಕೂ ನನ್ನಲ್ಲಿ ತುಳು ಇರಲಿಲ್ಲ. ತಲೆಯೊಳಗೆ ಗಡ್ಡೆ ಎಂದಷ್ಟೇ ಹೇಳಿದೆ. ಅಮ್ಮ ಕೇಳಿದ್ದು ಒಂದೇ ಪ್ರಶ್ನೆ: “ಅವಳಿಗೆ ನೋವುಂಟಾ?”

ರಿಪೋರ್ಟಿನಲ್ಲಿ ಅದೊಂದನ್ನು ಬರೆದಿರಲಿಲ್ಲ.

ಬೆಂಗಳೂರಿನಲ್ಲಿ ಆಪರೇಷನ್ ಆಯಿತು. ಸಾಧ್ಯವಾದಷ್ಟು ತೆಗೆದಿದ್ದೇವೆ, ಪೂರ್ತಿ ತೆಗೆದರೆ ಮಾತೇ ಹೋಗುತ್ತದೆ ಎಂದರು. ಬಯಾಪ್ಸಿ ಬಂತು. ಗ್ಲಯೋಮಾದ ಪಕ್ಕದ ಪ್ರಶ್ನೆ ಚಿಹ್ನೆ ಹೋಯಿತು. ಆಮೇಲೆ ರೇಡಿಯೇಷನ್. ಉದ್ದ ಜಡೆಯವಳು ಬೋಳು ತಲೆಗೆ ಸೆರಗು ಹೊದ್ದು ಊರಿಗೆ ಬಂದಳು.

ಆದರೂ ಆ ಆಪರೇಷನ್ ನಮಗೆ ಕೆಲವು ಒಳ್ಳೆಯ ತಿಂಗಳುಗಳನ್ನು ಕೊಟ್ಟಿತು. ಶಬ್ದಗಳು ಒಂದೊಂದಾಗಿ ಮರಳಿದವು. ಅಮ್ಮನ ಜೊತೆ ಕುಳಿತು ತರಕಾರಿ ಹೆಚ್ಚುತ್ತ, ಕೈಗೆ ಬಂದದ್ದರ ಹೆಸರನ್ನೆಲ್ಲ ಹೇಳುವಳು. ತೊಂಡೆಕಾಯಿ. ಬಸಳೆ. ಮೆಟ್ಟುಕತ್ತಿ. ತಪ್ಪಿದರೆ ಅಮ್ಮ ಗದರಿ ತಿದ್ದುವರು, ಇಬ್ಬರೂ ಜಗಳವಾಡುವರು. ಬಹರೈನಿಗೆ ಮರಳಿದ ಜಗನ್ನಾಥನ ಫೋನು ಬಂದಾಗ ಕೊಂಕಣಿ, ಹಿಂದಿ ಎಲ್ಲ ಬೆರೆಸಿ ಮಾತಾಡಿ ಅವನನ್ನು ನಗಿಸಿದಳು. ಗುಣವಾಗಿಬಿಟ್ಟಿತೇನೋ ಎಂದು ನಾನು ಒಳಗೊಳಗೇ ಆಸೆಪಟ್ಟೆ.

ತಲೆನೋವು ತಿರುಗಿ ಬಂತು. ಎರಡನೇ ಸ್ಕ್ಯಾನ್ ಆಯಿತು. ಲಕೋಟೆಯನ್ನು ಆಸ್ಪತ್ರೆಯ ಮೆಟ್ಟಿಲಲ್ಲಿ ನಿಂತೇ ಒಡೆದು ಓದಿದೆ.

ಒಂದು ಶಬ್ದಕ್ಕೂ ಅರ್ಥ ಕೇಳಬೇಕಾಗಲಿಲ್ಲ.

ಇಂಗ್ಲಿಷು, ಹಿಂದಿ, ಕೊಂಕಣಿ ಮೊದಲು ಹೋದವು. ಆಮೇಲೆ ಕನ್ನಡ. ತುಳುವಿನಲ್ಲೂ ‘ದಾಲ ಇಜ್ಜಿ’ ಎಂಬ ಎರಡು ಶಬ್ದ ಮಾತ್ರ ಉಳಿದವು. ಏನೂ ಇಲ್ಲ, ಪರವಾಗಿಲ್ಲ ಎಂಬ ಅರ್ಥ. ನೋವಿನಲ್ಲಿ ಹುಬ್ಬು ಗಂಟಿಕ್ಕಿಕೊಂಡೇ ದಾಲ ಇಜ್ಜಿ ಎನ್ನುವಳು. ಬಲಗೈ ಬಿದ್ದುಹೋಯಿತು. ಕೆಲಸದಿಂದ ಬಂದು ನಾನು ಉಣಿಸುತ್ತಿದ್ದೆ. ಹಗಲು ಅಮ್ಮ ನೋಡಿಕೊಳ್ಳುತ್ತಿದ್ದರು. ಒಂದು ದಿನ ಆ ಎರಡು ಶಬ್ದವೂ ನಿಂತವು. ಇನ್ನು ಈ ಮನೆಯಲ್ಲಿ ಅವಳ ದನಿ ಇಲ್ಲ ಎಂದುಕೊಂಡೆವು.

ಒಂದು ಸಂಜೆ ನಾನು ಕೈಕಾಲು ತೊಳೆದು ಒಳಗೆ ಬರುತ್ತಿದ್ದೆ. ಕೋಣೆಯಿಂದ ಯಾರೋ ಕರೆದರು.

“ವಾಸು.”

ಅಮ್ಮ ಎಂದುಕೊಂಡೆ. ಆದರೆ ಅಮ್ಮ ನನ್ನ ಎದುರಿಗೇ ನಿಂತಿದ್ದರು. ವಾಸುದೇವ ನನ್ನ ಹೆಸರು. ವಾಸು ಎನ್ನುವುದು ಅಮ್ಮ ಮಾತ್ರ. ನಮ್ಮಲ್ಲಿ ಹೆಂಡತಿ ಗಂಡನ ಹೆಸರು ಹಿಡಿಯುವುದಿಲ್ಲ. ಮದುವೆಯಾದಂದಿನಿಂದ ಅವಳು ನನ್ನನ್ನು ‘ಕೇಳಿತಾ’, ‘ಇಲ್ಲಿ ನೋಡಿ’ ಎಂದೇ ಕರೆದವಳು. ಎಲ್ಲ ಶಬ್ದಗಳೂ ಹೋದ ಮೇಲೆ, ಒಮ್ಮೆಯೂ ಬಾಯಿಬಿಟ್ಟು ಹೇಳದಿದ್ದ ಆ ಒಂದು ಶಬ್ದ ಅವಳಿಗೆ ಎಲ್ಲಿ ಸಿಕ್ಕಿತೋ.

ನಾನು ಅಮ್ಮನ ಮುಖ ನೋಡಿದೆ.

“ಎಂತ ನೋಡ್ತೀ? ಅವಳು ಕರೀತಾ ಇದ್ದಾಳೆ. ಓ ಅನ್ನು” ಎಂದರು ಅಮ್ಮ.

ನಾನು ರಜೆ ಹಾಕಿ ಮನೆಯಲ್ಲೇ ಉಳಿದ ಕೊನೆಯ ವಾರಗಳಲ್ಲಿ ಅದೊಂದೇ ಅವಳ ಭಾಷೆ. ನೀರು ಬೇಕಾದರೂ ವಾಸು. ಮಗ್ಗುಲು ಬದಲಿಸಬೇಕಾದರೂ ವಾಸು. ಹೆದರಿಕೆಯಾದರೂ ವಾಸು. ಯಾವುದಕ್ಕೆ ಯಾವುದು ಎಂದು ದನಿಯಿಂದಲೇ ತಿಳಿಯುವುದನ್ನು ನಾನು ಕಲಿತೆ, ಕೆಲವೊಮ್ಮೆ ತಪ್ಪಿದೆ. ಕಾಯಿಲೆಯನ್ನು ತಡೆಯಲು ಯಾರಿಂದಲೂ ಆಗಲಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಹಗಲಿನಲ್ಲೇ, ಅಮ್ಮನ ಕೈ ಹಣೆಯ ಮೇಲಿರುವಾಗ, ಉಸಿರು ನಿಧಾನವಾಗಿ ನಿಂತಿತು.

ಅಷ್ಟರವರೆಗೆ ಕರೆದಾಗಲೆಲ್ಲ ನಾನು ಓ ಎಂದಿದ್ದೆ.