ಗೊರಗೊರಣ್ಣ ಕಟ್ಟಿದ ಎರಡನೇ ಗಂಟು

ಬೆಳಗಿನ ಐದೂ ಮುಕ್ಕಾಲು. ಸಾಬೂನು ಕಾರ್ಖಾನೆಯ ದೀಪಗಳು ಅರ್ಧ ಮಾತ್ರ ಹೊತ್ತಿವೆ. ಐವತ್ತೆಂಟು ವರ್ಷದವರೊಬ್ಬರು ಕಿವಿಗೆ ಹಳೆಯ ರೇಡಿಯೋ ಹಿಡಿದು, ಪ್ಯಾಕಿಂಗ್ ಮಿಷನ್ನಿನ ವೈರುಗಳ ಗುಂಟ ಒಂದೊಂದೇ ಹೆಜ್ಜೆ ಇಡುತ್ತಿದ್ದಾರೆ. ರೇಡಿಯೋದಲ್ಲಿ ಯಾವ ಸ್ಟೇಷನ್ನೂ ಇಲ್ಲ. ಇರಬಾರದು. ಎರಡು ಸ್ಟೇಷನ್ನುಗಳ ನಡುವಿನ ಖಾಲಿ ಜಾಗದಲ್ಲಿ ಮುಳ್ಳು ನಿಲ್ಲಿಸಿ, ಅಲ್ಲಿಯ ಗೊರಗೊರ ಸದ್ದನ್ನು ಅವರು ಆಲಿಸುತ್ತಾರೆ. ಅದು ಎಲ್ಲಿ ಜೋರಾಗುತ್ತದೋ ಅಲ್ಲಿ ಬೇಡದ ಕರೆಂಟು ಓಡಾಡುತ್ತಿದೆ ಎಂದರ್ಥ. ಸುತ್ತಲಿನ ಹತ್ತೊಂಬತ್ತು ಕಾರ್ಖಾನೆಗಳಲ್ಲಿ ಇವರು ಗೊರಗೊರಣ್ಣ. ನಿಜವಾದ ಹೆಸರು ಗೇಟಿನ ಪುಸ್ತಕದಲ್ಲಿ ಮಾತ್ರ ಇದೆ.

ಒಮ್ಮೆ ಇವರು ಸೀನಿದ ರಭಸಕ್ಕೆ ಪಕ್ಕದ ಕಾರ್ಖಾನೆಯ ಮೂರು ಮೋಟಾರು ನಿಂತುಹೋದವು ಎಂದು ಲಾರಿ ಡ್ರೈವರುಗಳು ಆಣೆ ಮಾಡಿ ಹೇಳುತ್ತಾರೆ. ಇವರು ಇಲ್ಲ ಎನ್ನುವುದಿಲ್ಲ. "ಅವತ್ತು ಶೀತ ಜೋರಿತ್ತು" ಎನ್ನುತ್ತಾರೆ, ಅಷ್ಟೆ.

ಮೂವತ್ತೊಂದು ವರ್ಷದ ಈ ಕೆಲಸವನ್ನು ಇವರು ಹೀಗೆ ವಿವರಿಸುತ್ತಾರೆ: "ಮೋಟಾರಿನ ದಪ್ಪ ವೈರು ಗಂಟಲು ಹರ್ಕೊಳ್ಳೋ ಯಜಮಾನ ಇದ್ದಂಗೆ. ಸೆನ್ಸರಿನ ಸಣ್ಣ ವೈರು ಪಿಸುಮಾತಲ್ಲಿ ಸುದ್ದಿ ಹೇಳುತ್ತೆ. ಇಬ್ರನ್ನೂ ಪಕ್ಕಪಕ್ಕ ಮಲಗಿಸಿದ್ರೆ ಆ ಪಿಸುಮಾತು ಮಿಷನ್ನಿಗೆ ಕೇಳ್ಸುತ್ತಾ?" ಹಾಗಾಗಿ ಇವರು ಎರಡನ್ನೂ ಗೇಣು ದೂರ ಇಡುತ್ತಾರೆ. ಸಣ್ಣ ವೈರಿಗೆ ಲೋಹದ ಜಾಲರಿಯ ಹೊದಿಕೆಯಿರುತ್ತದೆ, ಅದಕ್ಕೆ ಶೀಲ್ಡು ಎನ್ನುತ್ತಾರೆ. ಅದರ ಒಂದೇ ತುದಿಯನ್ನು ಅರ್ಥಿಂಗಿಗೆ ಕಟ್ಟಿ, ಇನ್ನೊಂದನ್ನು ಕತ್ತರಿಸಿ ಟೇಪು ಸುತ್ತಬೇಕು. ಎರಡೂ ತುದಿ ಕಟ್ಟಿದರೆ ಹೊದಿಕೆಯೇ ಬೇಡದ ಕರೆಂಟಿಗೆ ದಾರಿಯಾಗುತ್ತದೆ. ದಿನಕ್ಕೆ ನಲವತ್ತು ಐವತ್ತು ತುದಿ ಇವರ ಕೈಯಲ್ಲಿ ಹಾದುಹೋಗುತ್ತವೆ.

ದೊಡ್ಡ ಮೋಟಾರುಗಳು ಚಾಲೂ ಆಗುವ ಹೊತ್ತಿಗೇ ಮಿಷನ್ನುಗಳ ಕಾಯಿಲೆ ಬಯಲಾಗುವುದರಿಂದ ಇವರು ನಸುಕಿನಲ್ಲೇ ಮನೆ ಬಿಡಬೇಕು. ಹೆಂಡತಿ ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯ ನರ್ಸು. ಇವರು ಬೀಗ ಹಾಕಿ ಹೋದ ಮೇಲೆ ಅವರು ಬೀಗ ತೆಗೆಯುತ್ತಾರೆ. ಮದುವೆಯಾಗಿ ಇಪ್ಪತ್ತಾರು ವರ್ಷ, ಇಬ್ಬರೂ ಒಟ್ಟಿಗೆ ಎಚ್ಚರವಾಗಿದ್ದದ್ದು ಲೆಕ್ಕ ಹಾಕಿದರೆ ನಾಲ್ಕು ವರ್ಷ. "ಅದಕ್ಕೇ ಜಗಳ ಆಡಿಲ್ಲ. ಟೈಮೇ ಸಿಕ್ಕಿಲ್ಲ" ಎಂದು ನಗುತ್ತಾರೆ. ನಗು ಬೇಗ ಮುಗಿಯುತ್ತದೆ.

ಈ ಸಾಬೂನು ಕಾರ್ಖಾನೆಗೆ ಬರುತ್ತಿರುವುದು ಸತತ ಮೂರನೇ ದಿನ. ನಾಲ್ಕು ತಿಂಗಳಿಂದ ಪ್ಯಾಕಿಂಗ್ ಮಿಷನ್ನು ಪಾಳಿಗೆ ಹನ್ನೊಂದು ಸಲ, ಹನ್ನೆರಡು ಸಲ ತಾನಾಗಿ ನಿಲ್ಲುತ್ತಿದೆ. ಅದೂ ಬೆಳಗಿನ ಪಾಳಿಯಲ್ಲಿ ಮಾತ್ರ. ಆ ಪಾಳಿಯಲ್ಲಿ ಮಿಷನ್ನು ನೋಡಿಕೊಳ್ಳುವ ಅಕ್ಕನೇ ಬೇಕಂತಲೇ ಬಟನ್ ಒತ್ತುತ್ತಾಳೆಂದು ಎಲ್ಲರೂ ತೀರ್ಮಾನಿಸಿ, 'ಸ್ಟಾಪಕ್ಕ' ಎಂದು ಹೆಸರಿಟ್ಟೂ ಆಗಿದೆ. ಇವತ್ತು ಕಾರಣ ಸಿಗದಿದ್ದರೆ ಅಕ್ಕನ ಕೆಲಸ ಹೋಗುತ್ತದೆ. ಆಕೆ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡೇ ಮಿಷನ್ನಿನ ಮುಂದೆ ನಿಂತಿದ್ದಾರೆ.

ಆರೂ ಕಾಲಿಗೆ ಆಚೆ ಕೋಣೆಯ ಸಾಬೂನು ಕಲಸುವ ದೊಡ್ಡ ಮೋಟಾರು ಚಾಲೂ ಆಗುತ್ತದೆ. ಅದು ತಿರುಗುವುದು ಬೆಳಗಿನ ಪಾಳಿಯಲ್ಲಿ ಮಾತ್ರ. ರೇಡಿಯೋ ಕಿರುಚುತ್ತದೆ. ಪ್ಯಾಕಿಂಗ್ ಮಿಷನ್ನು ಟಕ್ಕೆಂದು ನಿಲ್ಲುತ್ತದೆ.

"ನೋಡ್ರೀ, ಕೈ ನೋಡ್ರೀ!" ಅಕ್ಕ ಕೂಗುತ್ತಾರೆ. "ನಾನೇನು ಮೂಗಲ್ಲಿ ಒತ್ತಿದ್ನಾ?"

ಗೊರಗೊರಣ್ಣ ಸದ್ದಿನ ಜಾಡು ಹಿಡಿದು ಸೆನ್ಸರಿನ ಪಕ್ಕದ ಪುಟ್ಟ ಡಬ್ಬಿಯ ಮುಚ್ಚಳ ಬಿಚ್ಚುತ್ತಾರೆ. ವೈರಿನ ಆಚೆ ತುದಿಯಲ್ಲಿ, ಕಂಟ್ರೋಲ್ ಪ್ಯಾನೆಲ್ಲಿನ ಕಡೆ ಆಗಲೇ ಕಟ್ಟಿದ್ದ ಶೀಲ್ಡನ್ನು ಇಲ್ಲೂ ಅಚ್ಚುಕಟ್ಟಾಗಿ ಅರ್ಥಿಂಗಿಗೆ ಕಟ್ಟಲಾಗಿದೆ. ಮೇಲೆ ಮೂರು ಸುತ್ತು ಟೇಪು. ಮುಂದೆ ಬಿಚ್ಚುವವರಿಗೆ ಸಿಗಲೆಂದು ಟೇಪಿನ ತುದಿ ಬಾಲದಂತೆ ಮಡಚಿದೆ. ಹಾಗೆ ಬಾಲ ಬಿಡುವವರು ಈ ಹತ್ತೊಂಬತ್ತು ಕಾರ್ಖಾನೆಗಳಲ್ಲಿ ಒಬ್ಬರೇ. ಅವರು ಅಲ್ಲೇ ನೆಲದ ಮೇಲೆ ಕೂತುಬಿಡುತ್ತಾರೆ.

"ಬಿಟ್ಟ ತುದಿ ಅರ್ಧ ಕೆಲಸದ ಥರ ಕಾಣುತ್ತೆ ನೋಡಿ. ನಾಲ್ಕು ತಿಂಗಳ ಹಿಂದೆ ಈ ವೈರು ಎಳೆದಾಗ ಸಾಲಾಗಿ ಕಟ್ಕೊಂಡು ಹೋದೆ. ಕೈಗೆ ಬುದ್ಧಿ ಇರಲಿಲ್ಲ."

ಬಿಚ್ಚಿ, ಕತ್ತರಿಸಿ, ಟೇಪು ಸುತ್ತಲು ನಾಲ್ಕು ನಿಮಿಷ. ಮೋಟಾರು ತಿರುಗುತ್ತಿದೆ, ಮಿಷನ್ನೂ ಓಡುತ್ತಿದೆ. ಸೂಪರ್‌ವೈಸರ್ ರಿಪೇರಿ ಪುಸ್ತಕ ತೆಗೆದು ಕೇಳುತ್ತಾರೆ, "ಏನಂತ ಬರೀಲಿ?"

"ನನ್ನ ತಪ್ಪು ಅಂತ ಬರೀರಿ ಸಾರ್. ಎರಡೂ ಕಡೆ ಕಟ್ಟಿದ್ದು ನಾನೇ."

"ತಲೆ ಕೆಟ್ಟಿದ್ಯಾ? ಇದು ಮೇಲಕ್ಕೆ ಹೋದ್ರೆ ನಿಮ್ಮನ್ನ ಮತ್ತೆ ಗೇಟೊಳಗೆ ಬಿಡಲ್ಲ. ಇಲಿ ಕಡಿದಿತ್ತು ಅಂತ ಬರೀತೀನಿ." ಕಾರಣ ತಿಳಿಯದ್ದಕ್ಕೆಲ್ಲ ಆ ಪುಸ್ತಕದಲ್ಲಿ ಇಲಿಯೇ ಕಾರಣ. ಲೆಕ್ಕ ನೋಡಿದರೆ ಇಲ್ಲಿಯ ಇಲಿಗಳು ಒಂದು ಕ್ರೇನನ್ನೂ ತಿಂದಿವೆ.

"ಇಲಿ ಅಂದ್ರೆ ಅಕ್ಕನ್ನ ಕಾಪಾಡೋಕೆ ಕಥೆ ಕಟ್ಟಿದ್ರು ಅಂತಾರೆ ಸಾರ್. ನನ್ನ ಹೆಸರೇ ಬರೀರಿ. ಪೂರ್ತಿ ಹೆಸರು."

ಇಷ್ಟು ಕೇಳಿದ ಅಕ್ಕ ಕೈ ಮುಗಿಯುವುದಿಲ್ಲ. "ನಾಲ್ಕು ತಿಂಗಳು ಕಣ್ರೀ! ಅಮ್ಮಾ, ನೀನೇ ಒತ್ತುತ್ತೀಯಾ ಅಂತ ನನ್ನ ಮಗಳೂ ಕೇಳಿದ್ಲು. ನಿಮ್ಮ ಒಂದು ಗಂಟಿಗೆ!"

"ತಪ್ಪಾಯ್ತಕ್ಕ."

"ಆಯ್ತು ಬಿಡಿ ಅಂತ ನಾನಂತೂ ಹೇಳಲ್ಲ."

ಕೆಲಸ ಏಳಕ್ಕೇ ಮುಗಿದಿದೆ. ಆದರೂ ಅವರು ಹೋಗುವುದಿಲ್ಲ. ಖಾಲಿ ಕ್ರೇಟೊಂದನ್ನು ಬೋರಲು ಹಾಕಿಕೊಂಡು ಪಾಳಿ ಮುಗಿಯುವ ತನಕ ಕೂರುತ್ತಾರೆ. ಎರಡು ಗಂಟೆಗೆ ಅಕ್ಕ ಬ್ಯಾಗು ಹೆಗಲಿಗೇರಿಸಿ, ಇವರ ಮುಂದೆ ಹಾದುಹೋಗುತ್ತಾ, ಮುಖ ನೋಡದೆ ಒಂದೇ ಮಾತು ಹೇಳುತ್ತಾರೆ: "ಇವತ್ತು ಒಂದ್ಸಲಾನೂ ನಿಲ್ಲಲಿಲ್ಲ."

ಇದಾಗಿ ಹದಿನೈದು ದಿನ. ಇವರೀಗ ಹದಿನೆಂಟು ಕಾರ್ಖಾನೆಗಳ ಗೊರಗೊರಣ್ಣ. ಸಾಬೂನು ಕಾರ್ಖಾನೆಯಿಂದ ಫೋನು ಬಂದಿಲ್ಲ.

"ಬರೋದೂ ಇಲ್ಲ" ಎನ್ನುತ್ತಾರೆ ಅವರು. "ಆದ್ರೆ ಅಕ್ಕನ ಮಿಷನ್ನು ಒಂದೇ ಒಂದು ಸಲ ನಿಂತಿದ್ರೂ ಬೈಯೋಕಾದ್ರೂ ಫೋನು ಮಾಡಿರೋರು. ಮಾಡಿಲ್ಲ ನೋಡಿ."